ಮಳೆಗಾಲದಲ್ಲಿ ಸ್ಟೀರಿಯೋ ಸೌಂಡ್ ಕೆಟ್ಟರೆ ಮೊದಲು ಕೋಣೆ ನೋಡಿ

ಜೂನ್ ಬಂತು ಅಂದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಯಲ್ಲೂ ಒಂದೇ ದೂರು. ಬೇಸಿಗೆಯಲ್ಲಿ ಚೆನ್ನಾಗಿದ್ದ ಸೌಂಡ್ ಈಗ ಕಲಸಿಹೋಗಿದೆ, ಬೇಸ್ ಗುಂಯ್ ಅನ್ನುತ್ತಿದೆ, ಹಾಡಿನ ಮಾತು ತಿಳಿಯುತ್ತಿಲ್ಲ, ಆಂಪ್ಲಿಫೈಯರ್‌ಗೆ ತೇವ ಹೊಡೆದಿರಬೇಕು ಅಂತ. ನಮ್ಮ ಕಡೆ ತೇವ ಹೊಡೆಯುವುದು ಸುಳ್ಳಲ್ಲ. ಆದರೆ ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಯಂತ್ರ ಸರಿಯಾಗಿಯೇ ಇರುತ್ತದೆ. ಬದಲಾಗಿರುವುದು ಕೋಣೆ.

ಮಳೆ ಹಿಡಿದ ವಾರ ಮನೆಯಲ್ಲಿ ಏನೇನಾಗುತ್ತದೆ ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಇರಚಲು ಹೊಡೆಯುತ್ತದೆ ಅಂತ ಕಿಟಕಿ ಮುಚ್ಚುತ್ತೇವೆ. ಬೂಸು ಹಿಡಿಯುತ್ತದೆ ಅಂತ ಜಮಖಾನ, ದಪ್ಪ ಪರದೆ ಎಲ್ಲ ಸುತ್ತಿ ಅಟ್ಟಕ್ಕೆ ಹಾಕುತ್ತೇವೆ. ಕಿಟಕಿ ಪಕ್ಕದ ಸೋಫಾವನ್ನು ಒಳಗಿನ ಗೋಡೆಗೆ ತಳ್ಳುತ್ತೇವೆ. ಮಳೆಯ ಸದ್ದಿನಲ್ಲಿ ಹಾಡು ಕೇಳುವುದಿಲ್ಲ ಅಂತ ವಾಲ್ಯೂಮ್ ಏರಿಸುತ್ತೇವೆ. ಈ ನಾಲ್ಕೂ ಸೇರಿದರೆ ಎಂಥ ಒಳ್ಳೆಯ ಸ್ಪೀಕರ್ ಇದ್ದರೂ ಸೌಂಡ್ ಕೆಡುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಆದ್ದರಿಂದ ದನಿ ಮಂಕಾಯಿತು ಅಂತ ಕೆಲವರು ಹೇಳುತ್ತಾರೆ. ಒಂದು ಹಾಲ್‌ನಷ್ಟು ದೂರದಲ್ಲಿ ಅದರ ಪರಿಣಾಮ ಕಿವಿಗೆ ತಿಳಿಯುವಷ್ಟು ಇರುವುದಿಲ್ಲ.

ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಈ ಕ್ರಮದಲ್ಲಿ ನೋಡುತ್ತಾ ಬನ್ನಿ.

ಯಂತ್ರವೋ, ಕೋಣೆಯೋ?

ಇದನ್ನು ಮೊದಲು ತೀರ್ಮಾನ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಉಳಿದ ಕೆಲಸವೆಲ್ಲ ಕತ್ತಲಲ್ಲಿ ತಡಕಾಡಿದ ಹಾಗೆ.

ಆಂಪ್ಲಿಫೈಯರ್‌ಗೆ ಹೆಡ್‌ಫೋನ್ ಹಾಕಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡು ಕೇಳಿ. ಅದರಲ್ಲೂ ಸದ್ದು ಒಡೆಯುತ್ತಿದೆ, ಗುಂಯ್ ಅನ್ನುತ್ತಿದೆ ಅಂದರೆ ದೋಷ ಆಂಪ್‌ನಲ್ಲೋ, ಪ್ಲೇಯರ್‌ನಲ್ಲೋ, ರೆಕಾರ್ಡಿಂಗ್‌ನಲ್ಲೋ ಇದೆ. ಹೆಡ್‌ಫೋನ್‌ನಲ್ಲಿ ಶುದ್ಧವಾಗಿ ಬಂದರೆ ಯಂತ್ರದ ಅರ್ಧ ಭಾಗದ ಮೇಲಿನ ಅನುಮಾನ ಹೋಯಿತು.

ಉಳಿದದ್ದು ಸ್ಪೀಕರ್ ಮತ್ತು ಕೋಣೆ. ಅದಕ್ಕೆ ಅಂಗಳದ ಪರೀಕ್ಷೆ ಇದೆ. ಮಳೆ ಬಿಟ್ಟ ಹೊತ್ತಿನಲ್ಲಿ ಸ್ಪೀಕರ್ ಎರಡನ್ನೂ ಅಂಗಳಕ್ಕೆ ತನ್ನಿ, ಅಥವಾ ಜಗಲಿಯ ಅಂಚಿಗೆ ಹೊರಮುಖ ಮಾಡಿ ಇಡಿ. ಸ್ಟೂಲಿನ ಮೇಲಿಟ್ಟು ಆರೇಳು ಅಡಿ ದೂರದಲ್ಲಿ ಕೂತು ಅದೇ ಹಾಡು ಹಾಕಿ. ಗೋಡೆ ಇಲ್ಲದ್ದರಿಂದ ಬೇಸ್ ಸ್ವಲ್ಪ ತೆಳುವಾಗುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ದನಿ ಬಿಡಿಬಿಡಿಯಾಗಿ, ತಬಲಾದ ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳಿದರೆ ನಿಮ್ಮ ಸ್ಪೀಕರ್ ಸರಿ ಇದೆ. ಒಳಗೆ ಒಯ್ದ ಕೂಡಲೇ ಕೆಡುತ್ತದೆ ಅಂದಮೇಲೆ ಕೆಡಿಸುತ್ತಿರುವುದು ಕೋಣೆಯೇ. ಈ ಪರೀಕ್ಷೆಗಿಂತ ಖಚಿತವಾದದ್ದು ಮನೆಮಟ್ಟಿಗೆ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೂ ಸ್ಪೀಕರ್ ಹೊತ್ತು ಹೊರಗೆ ತರುವುದಕ್ಕೆ ಬೇಸರಪಟ್ಟು ಎಲ್ಲರೂ ಇದನ್ನೇ ಬಿಟ್ಟುಬಿಡುತ್ತಾರೆ.

ದನಿ ನಡುವೆ ನಿಲ್ಲುವುದಿಲ್ಲ, ಬೇಸ್ ಮಾಯವಾಗಿದೆ

ಒಬ್ಬರೇ ಹಾಡಿದ ರೆಕಾರ್ಡಿಂಗ್ ಹಾಕಿ. ಹಳೆಯ ತಾಳಮದ್ದಳೆಯ ಧ್ವನಿಮುದ್ರಣ ಇದ್ದರೆ ಇನ್ನೂ ಒಳ್ಳೆಯದು. ಅವುಗಳಲ್ಲಿ ಬಹಳಷ್ಟು ಮೊನೊ, ಎರಡೂ ಸ್ಪೀಕರ್‌ಗೆ ಹೋಗುವುದು ಒಂದೇ ಸದ್ದು. ನೀವು ಎರಡರ ಮಧ್ಯೆ ಸರಿಯಾಗಿ ಕೂತರೆ ಅರ್ಥ ಹೇಳುವವರ ದನಿ ಎದುರಿನ ಖಾಲಿ ಜಾಗದಿಂದ, ಒಂದೇ ಬಿಂದುವಿನಿಂದ ಬರಬೇಕು. ಅದು ಕೋಣೆಯ ತುಂಬ ಹರಡಿ, ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದ ಹಾಗೆ ಇದ್ದು, ಬೇಸ್ ಕೂಡ ಸೊರಗಿದ್ದರೆ ಒಂದು ಸ್ಪೀಕರ್‌ನ ವೈರ್ ಅದಲುಬದಲಾಗಿದೆ. ಒಂದರ ಕೋನ್ (ಸದ್ದು ಹುಟ್ಟಿಸಲು ಹಿಂದೆ ಮುಂದೆ ಅದುರುವ ಭಾಗ) ಹೊರಗೆ ತಳ್ಳುವಾಗ ಇನ್ನೊಂದರದ್ದು ಒಳಗೆ ಎಳೆಯುತ್ತಿರುತ್ತದೆ, ಎರಡೂ ಸೇರಿ ಬೇಸ್ ಅನ್ನು ಅಳಿಸಿಹಾಕುತ್ತವೆ. ಮಳೆಗಾಲದ ಮೊದಲು ಮನೆ ಗುಡಿಸಿ, ಸಾಮಾನು ಜರುಗಿಸಿ, ವೈರ್ ಕಿತ್ತು ಮತ್ತೆ ಸಿಕ್ಕಿಸಿದ ಮನೆಗಳಲ್ಲಿ ಇದು ಮಾಮೂಲು.

ಆಂಪ್ ಆಫ್ ಮಾಡಿ. ಎರಡೂ ಸ್ಪೀಕರ್‌ನಲ್ಲಿ ಕೆಂಪು ತುದಿ ಆಂಪ್‌ನ ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಿದೆಯಾ ನೋಡಿ. ವೈರ್‌ನಲ್ಲಿ ಬಣ್ಣದ ಗುರುತೇ ಇಲ್ಲದಿದ್ದರೆ ಆಂಪ್ ಕಡೆಯ ತುದಿ ಬಿಚ್ಚಿ, ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ ತೆಗೆದುಕೊಂಡು ಆ ತುದಿಗಳಿಗೆ ಒಂದು ಕ್ಷಣ ಮುಟ್ಟಿಸಿ. ಟಪ್ ಅಂತ ವೂಫರ್ (ಬೇಸ್ ನುಡಿಸುವ ದೊಡ್ಡ ಕೋನ್) ಹೊರಗೆ ಬಂದರೆ ಸೆಲ್‌ನ ಪ್ಲಸ್ ಮುಟ್ಟಿದ ತುದಿ ಕೆಂಪಿನದ್ದು. ಒಳಗೆ ಹೋದರೆ ಉಲ್ಟಾ. ಮುಟ್ಟಿಸಿದ ಕೂಡಲೇ ತೆಗೆಯಿರಿ, ಹಿಡಿದುಕೊಂಡೇ ಇರಬೇಡಿ.

ದನಿ ನಡುವೆ ನಿಲ್ಲುತ್ತದೆ, ಆದರೆ ಒಂದು ಬದಿಗೆ ವಾಲುತ್ತದೆ ಅಂದರೆ ಎಡ ಬಲದ ವೈರ್‌ಗಳನ್ನು ಆಂಪ್ ಹಿಂದೆ ಅದಲುಬದಲು ಮಾಡಿ. ಇದಕ್ಕೂ ಆಂಪ್ ಆಫ್ ಇರಬೇಕು. ವಾಲುವ ದಿಕ್ಕು ಬದಲಾದರೆ ತೊಂದರೆ ಆಂಪ್ ಅಥವಾ ಪ್ಲೇಯರ್ ಕಡೆಗಿದೆ. ಬದಲಾಗದಿದ್ದರೆ ಆ ಸ್ಪೀಕರ್, ಅದರ ವೈರ್, ಅಥವಾ ಅದು ಕೂತ ಜಾಗ. ಒಂದು ಸ್ಪೀಕರ್ ಮೂಲೆಯಲ್ಲಿ, ಇನ್ನೊಂದು ಊಟದ ಕೋಣೆಗೆ ತೆರೆದುಕೊಂಡ ಕಡೆಯಲ್ಲಿ ಇದ್ದರೆ ಮೂಲೆಯದ್ದು ಯಾವಾಗಲೂ ಜಾಸ್ತಿ ಬೇಸ್ ಕೊಡುತ್ತದೆ. ಅದು ಸ್ಪೀಕರ್‌ನ ತಪ್ಪಲ್ಲ.

ಬೇಸ್ ಗುಂಯ್ ಅನ್ನುತ್ತದೆ, ಒಂದೇ ಸ್ವರ ಉಬ್ಬುತ್ತದೆ

ಹೆಚ್ಚಿನ ಜಗಳ ಇಲ್ಲೇ ಇರುವುದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

ಎದುರುಬದುರು ಗೋಡೆಗಳ ಮಧ್ಯೆ ಕೆಲವು ಸ್ವರಗಳು ಸರಿಯಾಗಿ ಅಳತೆಗೆ ಕೂರುತ್ತವೆ. ತೊಟ್ಟಿಯ ನೀರನ್ನು ಅದರದೇ ತಾಳಕ್ಕೆ ಅಲ್ಲಾಡಿಸಿದರೆ ಎರಡು ಅಂಚಿನಲ್ಲಿ ಉಕ್ಕುತ್ತದೆ, ನಡುವೆ ಸುಮ್ಮನೆ ಇರುತ್ತದೆ ಅಲ್ವಾ, ಕೋಣೆಯ ಗಾಳಿಯೂ ಹಾಗೇ. ಯಾವ ಸ್ವರ ಅಂತ ತಿಳಿಯಲು 565 ಅನ್ನು ಕೋಣೆಯ ಅಡಿಗಳಿಂದ ಭಾಗಿಸಿ. 16 ಅಡಿ ಉದ್ದಕ್ಕೆ ಸುಮಾರು 35 ಹರ್ಟ್ಜ್, ಅಂದರೆ ಸೆಕೆಂಡಿಗೆ 35 ಕಂಪನ. 12 ಅಡಿಗೆ 47. 10 ಅಡಿಗೆ 56 ಆಯಿತು. ಇವುಗಳ ಎರಡರಷ್ಟು, ಮೂರರಷ್ಟು ಸ್ವರಗಳೂ ಹಾಗೇ ಕೂರುತ್ತವೆ. 10 ಅಡಿ ಉದ್ದ, 10 ಅಗಲ, 10 ಎತ್ತರದ ಕೋಣೆ ಸ್ಟೀರಿಯೋಗೆ ಎಲ್ಲಕ್ಕಿಂತ ಕೆಟ್ಟದ್ದು. ಮೂರು ದಿಕ್ಕಿನಲ್ಲೂ ಅದೇ 56. ಹೊಸ ಸ್ಲ್ಯಾಬ್ ಮನೆಗಳ ಮಲಗುವ ಕೋಣೆ ಬಹಳಷ್ಟು ಇದೇ ಅಳತೆಯವು. ಅಲ್ಲಿ ಒಂದೇ ಸ್ವರ ಹೊಡೆದುಕೊಳ್ಳುವುದನ್ನು ಯಾವ ಸ್ಪೀಕರ್ ಬದಲಿಸಿದರೂ ತಪ್ಪಿಸಲು ಆಗುವುದಿಲ್ಲ. ಬೇರೆ ಕೋಣೆ ಇದ್ದರೆ ಸೆಟ್ ಅಲ್ಲಿಗೆ ಒಯ್ಯಿರಿ.

ಕಾರವಾರದ ಕೋಡಿಬಾಗ ಕಡೆಯ ಒಂದು ಹಾಲ್ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. 16 ಅಡಿ ಉದ್ದ, 12 ಅಗಲ, 10 ಎತ್ತರ, ಮೇಲೆ ಸ್ಲ್ಯಾಬ್, ಕೆಳಗೆ ನುಣುಪಾದ ಟೈಲ್ಸ್. ಮನೆಯವರು ಹಿಂದೂಸ್ತಾನಿ ಸಂಗೀತ ಬಿಟ್ಟು ಬೇರೆ ಕೇಳುವವರಲ್ಲ. ತಂಬೂರಿಯ ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿ ಮೀಟಿದಾಗಲೆಲ್ಲ ಹಾಲ್ ಪೂರ್ತಿ ಗುಂಯ್ ಅನ್ನುತ್ತದೆ, ಗಾಯಕರು ಅದರ ಹಿಂದೆ ಮುಳುಗಿಹೋಗುತ್ತಾರೆ ಅನ್ನುವುದು ದೂರು. ಗಂಡಸರು ಸಾಮಾನ್ಯವಾಗಿ ಹಾಡುವ ಕರಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಷಡ್ಜ ಸುಮಾರು 138 ಹರ್ಟ್ಜ್, ಖರ್ಜ ಅದರ ಅರ್ಧ, 69. ಕೋಣೆಯ 35ರ ಎರಡರಷ್ಟು 70. ತಂಬೂರಿಯೂ ಕೋಣೆಯೂ ಒಂದೇ ಶ್ರುತಿಯಲ್ಲಿ ಕೂತಿವೆ!

ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, 70 ಹರ್ಟ್ಜ್ ಸದ್ದನ್ನು ಸ್ಟೀರಿಯೋಗೆ ಕೊಟ್ಟು ಕಡಿಮೆ ವಾಲ್ಯೂಮ್‌ನಲ್ಲಿ ಇಡಿ. ಈಗ ಸ್ಪೀಕರ್ ಇರುವ ಗೋಡೆಯಿಂದ ಹಿಂದಿನ ಗೋಡೆಗೆ ನಿಧಾನವಾಗಿ ನಡೆಯಿರಿ. ಈ ಹಾಲ್‌ನಲ್ಲಿ ಗೋಡೆಯ ಬಳಿ ಸದ್ದು ಎದೆಗೆ ಗುದ್ದುವಷ್ಟು. 4 ಅಡಿಗೆ ಬಂದರೆ ಯಾರೋ ಆಫ್ ಮಾಡಿದ ಹಾಗೆ ಇಳಿದುಹೋಗುತ್ತದೆ. 8 ಅಡಿಗೆ, ಅಂದರೆ ನಟ್ಟನಡುವೆ, ಮತ್ತೆ ಜೋರು, ಇದು 35ರ ಎರಡರಷ್ಟರ ಸ್ವರ ಆದ್ದರಿಂದ. 12ಕ್ಕೆ ಮತ್ತೆ ಇಲ್ಲ. ಹಿಂದಿನ ಗೋಡೆಗೆ ಬೆನ್ನು ತಾಗಿದಾಗ ಪುನಃ ಜೋರು. ಸೋಫಾ ಇದ್ದದ್ದು ಆ ಗೋಡೆಗೇ ಒತ್ತಿಕೊಂಡು. ಟೋನ್ ಹಾಕಿ ನಡೆದು ನೋಡಿದವರಿಗೆ ಕೋಣೆಯ ಆಟ ಏನು ಅಂತ ಮತ್ತೆ ಯಾರೂ ವಿವರಿಸಬೇಕಾಗಿಲ್ಲ.

ಇಂಥ ಹಾಲ್‌ನಲ್ಲಿ ಹಿಂದಿನ ಗೋಡೆಯಿಂದ ಸುಮಾರು 6 ಅಡಿ ಮುಂದೆ ಕೂರಬೇಕು. ಉಬ್ಬುವ ಜಾಗಕ್ಕೂ ಅಡಗುವ ಜಾಗಕ್ಕೂ ಮಧ್ಯೆ ಅದು. ಬೇರೆ ಅಳತೆಯ ಕೋಣೆಯಾದರೂ ಉದ್ದದ ಶೇಕಡಾ 38ರಷ್ಟನ್ನು ಒಂದು ತುದಿಯಿಂದ ಬಿಟ್ಟು ಕೂತು ನೋಡುವುದು ಒಳ್ಳೆಯ ಆರಂಭ. ಅಲ್ಲಿಂದ ಅರ್ಧ ಅಡಿ ಹಿಂದೆ ಮುಂದೆ ಜರುಗಿ ಕಿವಿ ಒಪ್ಪುವ ಜಾಗ ಹುಡುಕಿ. ನಡುಮನೆಯಲ್ಲಿ ಸೋಫಾ ಎಳೆದು ಹಾಕಿದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ, ಅದು ನಿಜ. ಕೇಳುವ ಹೊತ್ತಿಗೆ ಮಾತ್ರ ಒಂದು ಕುರ್ಚಿ ಎಳೆದುಕೊಳ್ಳಿ, ಆಮೇಲೆ ತೆಗೆದಿಡಿ. ಸೋಫಾದಲ್ಲೇ ಕೂರಬೇಕು ಅಂದರೆ ಗೋಡೆಯಿಂದ ಎರಡು ಅಡಿಯಾದರೂ ಮುಂದೆ ತನ್ನಿ.

ಬೇರೆ ಬೇರೆ ಸ್ವರಗಳ ಮಟ್ಟ ಏರಿಸಿ ಇಳಿಸುವ ಇಕ್ವಲೈಜರ್‌ನಿಂದ ಆಗುವುದಿಲ್ಲವಾ ಅಂತ ಕೇಳುತ್ತಾರೆ. ಉಬ್ಬಿದ ಸ್ವರವನ್ನು ಅದರಿಂದ ತಗ್ಗಿಸಬಹುದು. ಅಡಗಿದ ಸ್ವರವನ್ನು ಎತ್ತಲು ಆಗುವುದಿಲ್ಲ. ಎಷ್ಟು ಕೊಟ್ಟರೂ ಆ ಜಾಗದಲ್ಲಿ ಅದು ತನ್ನನ್ನೇ ತಾನು ಅಳಿಸಿಕೊಳ್ಳುತ್ತದೆ, ಆಂಪ್‌ಗೆ ಸುಮ್ನೆ ಹೊರೆ. ಅಳತೆ ಮಾಡಿ ನೋಡುವ ಆಸಕ್ತಿ ಇದ್ದರೆ ರೂಮ್ ಇಕ್ಯೂ ವಿಝಾರ್ಡ್ ಅನ್ನುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದಕ್ಕೊಂದು ಅಳತೆಯ ಮೈಕ್ ಬೇಕು. ಫೋನಿನ ಮೈಕ್‌ನ ಬೇಸ್ ಅಳತೆಯನ್ನು ಪೂರ್ತಿ ನಂಬಬೇಡಿ.

ಸಬ್‌ವೂಫರ್ (ಬೇಸ್ ಮಾತ್ರ ನುಡಿಸುವ ಬೇರೆ ಸ್ಪೀಕರ್) ಇದ್ದವರು ಅದನ್ನು ನೀವು ಕೂರುವ ಜಾಗದಲ್ಲೇ ಇಟ್ಟು, ಬೇಸ್ ಇರುವ ಹಾಡು ಹಾಕಿ, ಗೋಡೆಯ ಅಂಚಿನಲ್ಲಿ ಕಿವಿ ಕೆಳಗಿಟ್ಟು ಸುತ್ತಾಡಿ. ಎಲ್ಲಿ ಬೇಸ್ ಸಮವಾಗಿ ಕೇಳುತ್ತದೋ ಸಬ್ ಅಲ್ಲಿಗೆ.

ಬೇಸ್ ಇದೆ, ಆದರೆ ಗಾಯಕರ ಷಡ್ಜ ಸೊರಗಿದೆ

ಇದು ಸ್ಪೀಕರ್ ಮತ್ತು ಅದರ ಹಿಂದಿನ ಗೋಡೆಯ ನಡುವಿನ ವ್ಯವಹಾರ. ಸ್ಪೀಕರ್‌ನಿಂದ ಹಿಂದಕ್ಕೆ ಹೋದ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಯಾವುದೋ ಒಂದು ಸ್ವರಕ್ಕೆ ಅದು ನೇರ ಸದ್ದಿಗೆ ಉಲ್ಟಾ ಆಗಿ ಸೇರುತ್ತದೆ, ಸ್ವರ ಅಡಗುತ್ತದೆ. ವೂಫರ್‌ನ ಮುಖದಿಂದ ಗೋಡೆಗೆ ಎಷ್ಟು ಅಡಿ ಅಂತ ಅಳೆದು, 282 ಅನ್ನು ಅದರಿಂದ ಭಾಗಿಸಿ. 2 ಅಡಿ ಇದ್ದರೆ 141 ಹರ್ಟ್ಜ್. ಮೇಲೆ ಹೇಳಿದ ಕರಿ ಒಂದರ ಷಡ್ಜ ಅಲ್ಲೇ ಇದೆ! 3 ಅಡಿಗೆ 94. ಒಂದೇ ಅಡಿಗೆ 282.

ಹಾಗಾಗಿ ಗಾಯನ ಕೇಳುವವರು ಸರಿಯಾಗಿ ಎರಡಡಿ ದೂರವನ್ನು ತಪ್ಪಿಸಿ. ಜಾಗ ಇದ್ದರೆ 3 ಅಡಿ ಮುಂದೆ ತನ್ನಿ. ಜಾಗ ಇಲ್ಲದಿದ್ದರೆ ಗೋಡೆಗೆ ಹತ್ತಿರ ಇಟ್ಟು, ಉಬ್ಬಿದ ಬೇಸ್ ಅನ್ನು ಬೇಸ್ ಕಂಟ್ರೋಲ್‌ನಿಂದ ತಗ್ಗಿಸಿ. ಹಿಂಭಾಗದಲ್ಲಿ ಗಾಳಿ ಕಿಂಡಿ ಇರುವ ಸ್ಪೀಕರ್ ಆದರೆ ಗೋಡೆಗೆ ಅಂಟಿಸಬೇಡಿ, ನಾಲ್ಕಾರು ಇಂಚು ಉಸಿರಾಡಲು ಬಿಡಿ. ಹಿಂದಿನ ಗೋಡೆ, ಪಕ್ಕದ ಗೋಡೆ, ನೆಲ ಮೂರಕ್ಕೂ ವೂಫರ್‌ನಿಂದ ಒಂದೇ ದೂರ ಆಗಲೇಬಾರದು. ಮೂರೂ ಸೇರಿ ಒಂದೇ ಸ್ವರವನ್ನು ಕೊಲ್ಲುತ್ತವೆ. ಕೋಡಿಬಾಗದ ಹಾಲ್‌ನಲ್ಲಿ ಹಿಂದಿನ ಗೋಡೆಗೆ 3 ಅಡಿ, ಪಕ್ಕದ ಗೋಡೆಗೆ ಎರಡೂವರೆ, ಎರಡು ಸ್ಪೀಕರ್ ಮಧ್ಯೆ 7 ಅಡಿ ಬಂತು. ಕೂರುವ ಜಾಗದಿಂದ ಒಂದೊಂದು ಸ್ಪೀಕರ್‌ಗೆ ಏಳೂವರೆಯಿಂದ ಎಂಟು ಅಡಿ. ಮೂರೂ ಬದಿ ಹೆಚ್ಚುಕಡಿಮೆ ಸಮ ಇರುವ ತ್ರಿಕೋನ ಸಾಕು, ಇಂಚಿನ ಲೆಕ್ಕ ಎಡ ಮತ್ತು ಬಲದ ದೂರ ಒಂದೇ ಇರುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ಸ್ಪೀಕರ್‌ಗಳನ್ನು ಸ್ವಲ್ಪ ಒಳಗೆ, ನಿಮ್ಮ ಕಡೆ ತಿರುಗಿಸಿ. ಟ್ವೀಟರ್, ಅಂದರೆ ಮೇಲಿನ ಸ್ವರ ನುಡಿಸುವ ಚಿಕ್ಕ ಭಾಗ, ಕಿವಿಯ ಎತ್ತರಕ್ಕೆ ಬರಬೇಕು.

ಎತ್ತರಕ್ಕೆ ಸ್ಟ್ಯಾಂಡ್ ಬೇಕಲ್ಲ? ನಮ್ಮಲ್ಲಿ ಕೆತ್ತಿದ ಚಿರೆಕಲ್ಲು ಇದೆ. ಒಂದರ ಮೇಲೊಂದು ಅಲುಗದ ಹಾಗೆ ಕೂರಿಸಿ, ಕೆಂಪು ಪುಡಿ ಉದುರದಂತೆ ಬಟ್ಟೆ ಸುತ್ತಿ, ಮೇಲೆ ರಬ್ಬರ್ ತುಂಡು ಇಟ್ಟರೆ ಅಷ್ಟು ಭಾರದ, ಅಷ್ಟು ಗಟ್ಟಿ ಸ್ಟ್ಯಾಂಡ್ ಪೇಟೆಯಲ್ಲಿ ಸಿಗುವುದು ಕಷ್ಟ. ಕಬ್ಬಿಣದ ಟೊಳ್ಳು ಸ್ಟ್ಯಾಂಡ್ ಇದ್ದವರು ಒಳಗೆ ಮರಳು ತುಂಬುತ್ತಾರೆ. ಸಮುದ್ರದ ಮರಳು ಮಾತ್ರ ಬೇಡ. ಉಪ್ಪು ತೇವ ಎಳೆದು ಕೊಳವೆ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ತೊಳೆದು ಒಣಗಿಸಿದ ಹೊಳೆ ಮರಳು ಹಾಕಿ. ಶೋಕೇಸ್ ಗೂಡಿನೊಳಗೆ ಸ್ಪೀಕರ್ ತುರುಕಿದ್ದರೆ ಇಷ್ಟು ಹೊತ್ತು ಹೇಳಿದ್ದು ಯಾವುದೂ ಕೆಲಸ ಮಾಡುವುದಿಲ್ಲ, ಮೊದಲು ಹೊರಗೆ ತೆಗೆಯಿರಿ.

ಮಾತು ಕಲಸಿಹೋಗುತ್ತಿದೆ, ಚಂಡೆ ಕಿವಿಗೆ ಚುಚ್ಚುತ್ತಿದೆ

ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿ ವೇಗವಾಗಿ ಮಾತಾಡುವ ಭಾಗ ಹಾಕಿ. ಒಂದು ಶಬ್ದದ ಬಾಲ ಇನ್ನೊಂದರ ಮೇಲೆ ಬೀಳುತ್ತಿದೆಯಾ? ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟ್ರ್‌ರ್ ಅಂತ ಲೋಹದಂಥ ಸದ್ದು ಹಿಂಬಾಲಿಸಿದರೆ ಎರಡು ಬೋಳು ಗೋಡೆಗಳು ಸದ್ದನ್ನು ಅತ್ತಿಂದಿತ್ತ ಎಸೆಯುತ್ತಿವೆ.

ಈಗ ಮುಚ್ಚಿದ ಕಿಟಕಿಗೆ ಬರೋಣ. ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಸಭಾಂಗಣದಲ್ಲಿ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. 1895ರಲ್ಲಿ ವ್ಯಾಲೇಸ್ ಸೇಬೈನ್ ಅನ್ನುವ ಭೌತಶಾಸ್ತ್ರದ ಅಧ್ಯಾಪಕರಿಗೆ ಇದನ್ನು ಸರಿಮಾಡಲು ಹೇಳಿದರು. ಅವರು ಇನ್ನೊಂದು ಸಭಾಂಗಣದ ಕುರ್ಚಿ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಕಿ, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕು ಅಂತ ಅಳೆದರು. ಸದ್ದು ಹೀರುವ ಶಕ್ತಿಗೆ ಅವರು ಇಟ್ಟುಕೊಂಡ ಅಳತೆಗೋಲೇ ತೆರೆದ ಕಿಟಕಿ. ಕಿಟಕಿಯಿಂದ ಹೊರಗೆ ಹೋದ ಸದ್ದು ವಾಪಸ್ ಬರುವುದಿಲ್ಲ, ಅದು ಪೂರ್ತಿ ಹೀರಿದ ಲೆಕ್ಕ.

ಆ ಲೆಕ್ಕವನ್ನೇ ನಮ್ಮ 16-12-10 ಅಡಿಯ ಹಾಲ್‌ಗೆ ಹಾಕಿ. ಕೋಣೆಯ ಗಾತ್ರ ಸುಮಾರು 54 ಘನ ಮೀಟರ್. ಗಿಲಾಯಿ ಮಾಡಿದ ಗೋಡೆ, ಟೈಲ್ಸ್ ಬಿದ್ದ ಸದ್ದಿನಲ್ಲಿ ಶೇಕಡಾ 3ರಷ್ಟು ಹೀರುತ್ತವೆ ಅಂತ ಇಟ್ಟುಕೊಂಡರೆ, ಸಾಮಾನಿಲ್ಲದ ಖಾಲಿ ಹಾಲ್‌ನಲ್ಲಿ ಸದ್ದು ಅಡಗಲು 3 ಸೆಕೆಂಡಿಗಿಂತ ಜಾಸ್ತಿ ಬೇಕು. 4 ಅಡಿ ಅಗಲ, 4 ಅಡಿ ಎತ್ತರದ ಎರಡು ಕಿಟಕಿ ತೆರೆದರೆ ಅದು ಒಂದೂವರೆ ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಎರಡೇ ಕಿಟಕಿಯಿಂದ ಅರ್ಧ! ಸಾಮಾನು, ಜನ ಇದ್ದರೆ ಎರಡೂ ಅಂಕಿ ಇನ್ನೂ ಕಡಿಮೆ ಆಗುತ್ತವೆ. ಸಂಗೀತ ಕೇಳುವ ಮನೆಕೋಣೆಗೆ ಅರ್ಧ ಸೆಕೆಂಡಿನ ಒಳಗೆ ಇದ್ದರೆ ಚೆನ್ನ. ಬೇಸಿಗೆಯಲ್ಲಿ ಕಿಟಕಿಯೂ ಜಮಖಾನವೂ ಮಾಡುತ್ತಿದ್ದ ಕೆಲಸವನ್ನು ಮಳೆಗಾಲದಲ್ಲಿ ಬೇರೆ ಯಾವುದಾದರೂ ಮಾಡಬೇಕು. ಚಿಕಿತ್ಸೆಯ ತಿರುಳು ಇಷ್ಟೇ.

ಮೊದಲು ಎಲ್ಲಿ ಹಾಕಬೇಕು? ನೀವು ಕೂರುವ ಜಾಗದಲ್ಲಿ ಕೂತುಕೊಳ್ಳಿ. ಮನೆಯವರೊಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಜರುಗಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಟ್ವೀಟರ್ ಕಾಣುವ ಜಾಗವೇ ಸದ್ದು ಮೊದಲು ಬಡಿದು ಬರುವ ಜಾಗ. ಪೆನ್ಸಿಲ್ ಗುರುತು ಹಾಕಿ. ಎಡ, ಬಲ ಎರಡೂ ಗೋಡೆ, ಆಮೇಲೆ ನಿಮ್ಮ ಹಿಂದಿನ ಗೋಡೆ. ನೆಲದಲ್ಲಿ ಸ್ಪೀಕರ್‌ಗೂ ನಿಮಗೂ ಮಧ್ಯೆ.

ಹಾಕುವುದು ಏನು? ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹಳೆ ಸೀರೆ, ಬಟ್ಟೆ ಸೇರಿಸಿ ಹೊಲಿಯುವ ಕೌದಿ ಇದೆಯಲ್ಲ, ದಪ್ಪದ್ದು ಸಿಕ್ಕರೆ ಬಿಡಬೇಡಿ. ಗೋಡೆಗೆ ಅಂಟಿಸದೆ ಒಂದು ಬಿದಿರು ಕೋಲಿಗೆ ಹಾಕಿ ಮೂರು ನಾಲ್ಕು ಇಂಚು ಮುಂದೆ ತೂಗುಹಾಕಿ. ಹಿಂದೆ ಗಾಳಿ ಇದ್ದಷ್ಟು ಅದು ಇನ್ನೂ ಕೆಳಗಿನ ಸ್ವರಗಳನ್ನು ಹೀರುತ್ತದೆ. ಚಪ್ಪಾಳೆಯ ಟ್ರ್‌ರ್ ಸದ್ದು, ಚಂಡೆಯ ಚುಚ್ಚು ಇದರಲ್ಲಿ ಇಳಿಯುತ್ತದೆ. ನೋಡಲಿಕ್ಕೂ ಚಂದ. ವಾರಕ್ಕೊಮ್ಮೆ ತೆಗೆದು ಒಲೆಯ ಬಿಸಿಗೋ ಬಿಸಿಲಿಗೋ ಹಿಡಿದರೆ ಬೂಸೂ ಬರುವುದಿಲ್ಲ. ಬೇಸ್‌ಗೆ ಮಾತ್ರ ಕೌದಿ ಸಾಲದು. ಹತ್ತಿ ಹಾಸಿಗೆಯನ್ನು ಸುರುಳಿ ಸುತ್ತಿ ಮೂಲೆಗಳಲ್ಲಿ ನಿಲ್ಲಿಸಿದರೆ ಗುಂಯ್ ಸ್ವಲ್ಪ ಕಡಿಮೆ ಆಗುತ್ತದೆ, ಆದರೆ ಖರ್ಜದಂಥ ತೀರಾ ಕೆಳಗಿನ ಸ್ವರಕ್ಕೆ ಅದೂ ಹೆಚ್ಚು ಮಾಡುವುದಿಲ್ಲ. ಅಲ್ಲಿಗೆ ಕೂರುವ ಜಾಗ ಬದಲಿಸುವುದೇ ಮದ್ದು.

ಕೈಕೆಲಸ ಬರುವವರು 4 ಅಡಿಗೆ 2 ಅಡಿಯ, 4 ಇಂಚು ಆಳದ ಮರದ ಚೌಕಟ್ಟು ಮಾಡಿ ಒಳಗೆ ರಾಕ್‌ವೂಲ್ (ಕಲ್ಲಿನ ನಾರಿನ) ಹಲಗೆ ತುಂಬಿ, ಉಸಿರಾಡುವ ಹತ್ತಿ ಬಟ್ಟೆ ಹೊದಿಸಿ. ಕೆಲಸ ಮಾಡುವಾಗ ಕೈಗವಸು, ಮಾಸ್ಕ್ ಕಡ್ಡಾಯ, ಅದರ ನಾರು ಮೈ ತುರಿಸುತ್ತದೆ. ಇದನ್ನೂ ಗೋಡೆಯಿಂದ ಕೆಲವು ಇಂಚು ಬಿಟ್ಟೇ ಹಾಕಿ. ಸೌಂಡ್‌ಗೂ ಒಳ್ಳೆಯದು, ಹಿಂದೆ ಗಾಳಿ ಆಡಿದರೆ ತೇವವೂ ಕೂರುವುದಿಲ್ಲ. ಪಶ್ಚಿಮ, ನೈಋತ್ಯದ ಹೊರಗೋಡೆ ನಮ್ಮಲ್ಲಿ ಮಳೆಗೆ ನೇರ ಮೈಯೊಡ್ಡಿರುತ್ತದೆ. ಒಳಗೆ ಕೈಯಿಟ್ಟರೆ ತಣ್ಣಗೆ ಹಸಿ ತಾಗುವ ಆ ಗೋಡೆಗೆ ಮಳೆಗಾಲದಲ್ಲಿ ಏನನ್ನೂ ತೂಗುಹಾಕಬೇಡಿ.

ಮೊಟ್ಟೆಯ ಟ್ರೇ, ಥರ್ಮೋಕೋಲ್‌ಗೆ ದುಡ್ಡು ಹಾಕಬೇಡಿ. ಅರ್ಧ ಇಂಚಿನ ಫೋಮ್ ಅನ್ನು ಗೋಡೆ ತುಂಬ ಅಂಟಿಸುವವರೂ ಇದ್ದಾರೆ. ಅದು ಮೇಲಿನ ಸ್ವರಗಳನ್ನಷ್ಟೇ ನುಂಗಿ, ಬೇಸ್ ಅನ್ನು ಇದ್ದ ಹಾಗೇ ಬಿಡುತ್ತದೆ. ಹಾಡು ಕಂಬಳಿ ಹೊದ್ದು ಹಾಡಿದಷ್ಟು ಮಂಕು, ಗುಂಯ್ ಮಾತ್ರ ಹಾಗೇ. ಕಡಿಮೆ ಜಾಗಕ್ಕೆ ದಪ್ಪದ್ದು ಹಾಕಿ. ಎರಡು ಸ್ಪೀಕರ್ ಮಧ್ಯೆ ದೊಡ್ಡ ಟಿವಿ ಇದ್ದರೆ ಕೇಳುವಾಗ ಒಂದು ದಪ್ಪ ಬಟ್ಟೆ ಮುಚ್ಚಿ ನೋಡಿ, ದನಿ ನಿಲ್ಲುವ ಜಾಗ ಹೆಚ್ಚು ಗಟ್ಟಿಯಾಗುತ್ತದೆ. ಪುಸ್ತಕದ ಕಪಾಟಿಗೆ ಹಿಂದಿನ ಗೋಡೆ ಒಳ್ಳೆಯ ಜಾಗ. ಪುಸ್ತಕಗಳನ್ನು ಹಿಂದೆ ಮುಂದೆ ಜೋಡಿಸಿದರೆ ಸದ್ದು ಒಂದೇ ಕಡೆ ಬಡಿಯದೆ ಚದುರುತ್ತದೆ.

ಹಂಚಿನ ಮನೆಯಾದರೆ

ಶಿರಸಿ, ಸಿದ್ದಾಪುರ ಕಡೆ ತೋಟದ ಮನೆಯವರ ಸ್ಥಿತಿ ಬೇರೆ. ಇಳಿಜಾರು ಮಾಡು ನೆಲಕ್ಕೆ ಸಮಾಂತರ ಅಲ್ಲ, ಹಂಚಿನ ಸಂದಿಯಲ್ಲಿ ಬೇಸ್ ಹೊರಗೆ ಸೋರುತ್ತದೆ, ಮರದ ಅಟ್ಟ ತಾನೇ ಅದುರಿ ಕೆಳಗಿನ ಸ್ವರಗಳನ್ನು ಒಂದಿಷ್ಟು ತಿನ್ನುತ್ತದೆ. ಅದೇ ಸ್ಪೀಕರ್ ಸ್ಲ್ಯಾಬ್ ಮನೆಗಿಂತ ಇಲ್ಲಿ ಚೆನ್ನಾಗಿ ಕೇಳುವುದಕ್ಕೆ ಇವೇ ಕಾರಣ. ಹಳೆ ಮನೆ ಕೆಡವಿ ಸ್ಲ್ಯಾಬ್ ಹಾಕಿಸಿದ ಮೇಲೆ ಸ್ಟೀರಿಯೋ ಕೆಟ್ಟಿತು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಹಂಚಿನ ಮನೆಯಲ್ಲಿ ಬೇಸ್ ತೆಳು ಅನ್ನಿಸಿದರೆ ಸ್ಪೀಕರ್ ಅನ್ನು ಗೋಡೆಗೆ ಹತ್ತಿರ ತನ್ನಿ, ಅಷ್ಟೇ ಸಾಕು.

ಇಲ್ಲಿ ಬರುವ ದೋಷ ಕರಕರ ಸದ್ದು. ಸ್ಪೀಕರ್ ಹರಿದಿದೆ ಅಂತಲೇ ಅನ್ನಿಸುತ್ತದೆ. ಟೋನ್ ಆ್ಯಪ್‌ನಲ್ಲಿ 30ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರಿಸಿ. ಸದ್ದು ಶುರುವಾದಲ್ಲಿ ನಿಲ್ಲಿಸಿ, ಕಿವಿ ಕೊಟ್ಟು ಹುಡುಕಿ. ಸಡಿಲ ಹಂಚು, ಕಿಟಕಿ ಗಾಜು, ಅಟ್ಟದ ಮೇಲಿನ ಪಾತ್ರೆ, ಮಳೆಗೆ ಅಂತ ಕಟ್ಟಿದ ತಗಡು, ಇವುಗಳಲ್ಲಿ ಯಾವುದೋ ಒಂದು ಸಿಗುತ್ತದೆ. ಕೈಯಿಂದ ಒತ್ತಿ ಹಿಡಿದಾಗ ಸದ್ದು ನಿಂತರೆ ಕಳ್ಳ ಸಿಕ್ಕ ಹಾಗೆ.

ಕೊನೆಗೆ ಯಂತ್ರ

ಹೆಡ್‌ಫೋನ್‌ನಲ್ಲೋ ಅಂಗಳದಲ್ಲೋ ಸದ್ದು ಕೆಟ್ಟೇ ಇತ್ತು ಅಂದರೆ ಈಗ ಯಂತ್ರ ನೋಡಿ. ಕರಾವಳಿಯ ಉಪ್ಪುಗಾಳಿಗೆ ತಾಮ್ರದ ವೈರ್ ತುದಿ ಹಸಿರುಗಟ್ಟುತ್ತದೆ. ಅರ್ಧ ಇಂಚು ಕತ್ತರಿಸಿ, ಹೊಸದಾಗಿ ಸುಲಿದು ಸಿಕ್ಕಿಸಿ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಆಂಪ್ ಆಫ್ ಮಾಡಿ ಪ್ಲಗ್ ಕಿತ್ತು, ಗುಬುಟನ್ನು ಈ ತುದಿಯಿಂದ ಆ ತುದಿಗೆ ಹಲವು ಸಲ ತಿರುಗಿಸಿ. ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬೇಕು. ವೂಫರ್ ಸುತ್ತಲಿನ ಫೋಮ್ ಬಳೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಅಂಟಂಟು ಆಗಿದ್ದರೆ, ಪುಡಿ ಉದುರಿದರೆ ಬಳೆ ಬದಲಿಸಬೇಕು. ಸ್ಪೀಕರ್ ಬಿಸಾಡಬೇಕಾಗಿಲ್ಲ. ಎರಡೂ ಟ್ವೀಟರ್‌ಗೆ ಕಡಿಮೆ ವಾಲ್ಯೂಮ್‌ನಲ್ಲಿ ಕಿವಿಯಿಟ್ಟು ಸದ್ದು ಬರುತ್ತಿದೆಯಾ ನೋಡಿ.

ಹಾಡು ಇಲ್ಲದಾಗಲೂ ಒಂದೇ ಸಮನೆ ಗುಂಯ್ ಅನ್ನುತ್ತಿದ್ದರೆ ಅದು ಕರೆಂಟಿನ 50 ಅಥವಾ 100 ಹರ್ಟ್ಜ್ ಸದ್ದು, ಕೋಣೆಗೂ ಅದಕ್ಕೂ ಸಂಬಂಧ ಇಲ್ಲ. ಪ್ಲೇಯರ್, ಟಿವಿ, ಸೆಟ್‌ಟಾಪ್ ಬಾಕ್ಸ್ ಒಂದೊಂದಾಗಿ ಕಿತ್ತು ನೋಡಿ, ಯಾವುದು ಕಿತ್ತಾಗ ನಿಲ್ಲುತ್ತದೆ ಅಂತ ತಿಳಿಯುತ್ತದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಹೋಗುತ್ತದೆ. ಕರೆಂಟ್ ಹೋಗಿ ಇನ್ವರ್ಟರ್‌ನಲ್ಲಿ ಇದ್ದಾಗ ಮಾತ್ರ ಗುಂಯ್ ಅಂದರೆ ಇನ್ವರ್ಟರ್‌ನದ್ದು. ಸದ್ದು ನಿಲ್ಲಲಿ ಅಂತ ಮೂರು ಪಿನ್ನಿನ ಪ್ಲಗ್‌ನ ಅರ್ಥಿಂಗ್ ಕಿತ್ತು ಹಾಕುವವರಿದ್ದಾರೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ, ಹಸಿ ನೆಲದ ಮನೆಯಲ್ಲಿ ಜೀವಕ್ಕೇ ಅಪಾಯ.

ಮಳೆಗಾಲದಲ್ಲಿ ಆಂಪ್ ಅನ್ನು ದಿನಕ್ಕೊಂದು ಗಂಟೆ ಹಚ್ಚಿಡಿ, ಅದರ ಬಿಸಿಗೆ ಒಳಗೆ ತೇವ ಕೂರುವುದಿಲ್ಲ. ಗುಡುಗು ಶುರುವಾದ ಕೂಡಲೇ ಪ್ಲಗ್ ಕೀಳಿ, ಕೇಬಲ್ ಟಿವಿಯ ವೈರ್ ಕೂಡ. ಇಷ್ಟಾದ ಮೇಲೂ ರಿಪೇರಿಗೆ ಒಯ್ಯಬೇಕಾದರೆ ಸುಮ್ನೆ ಸೌಂಡ್ ಸರಿ ಇಲ್ಲ ಅನ್ನಬೇಡಿ. ಹೆಡ್‌ಫೋನ್‌ನಲ್ಲಿ ಹೇಗಿತ್ತು, ವೈರ್ ಅದಲುಬದಲು ಮಾಡಿದಾಗ ದೋಷ ಯಾವ ಕಡೆ ಹೋಯಿತು, ಬಿಸಿಯಾದ ಮೇಲೆ ಬರುತ್ತದಾ ಮೊದಲೇ ಬರುತ್ತದಾ ಅನ್ನುವುದನ್ನು ಚೀಟಿಯಲ್ಲಿ ಬರೆದು ಆಂಪ್ ಮೇಲೆ ಅಂಟಿಸಿ ಕೊಡಿ.